ಕಂಪನಿ ಫಲಿತಾಂಶದ ಸುದ್ದಿ ಬರೆಯುವ ಮುನ್ನ

ವಾಣಿಜ್ಯ ವರದಿಗಾರಿಕೆಗೆ ಬರುವವರು ಮೊದಲು ಕಲಿಯಬೇಕಾದದ್ದು ತ್ರೈಮಾಸಿಕ ಫಲಿತಾಂಶ ಓದುವುದನ್ನು. ಮೊದಲ ಮೂರು ತ್ರೈಮಾಸಿಕಗಳ ಲೆಕ್ಕವನ್ನು ಅವಧಿ ಮುಗಿದ 45 ದಿನದೊಳಗೆ, ವರ್ಷದ ಲೆಕ್ಕವನ್ನು 60 ದಿನದೊಳಗೆ ಷೇರುಪೇಟೆಗೆ ಸಲ್ಲಿಸಬೇಕೆಂಬುದು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ. ಪತ್ರಿಕಾ ಪ್ರಕಟಣೆಯನ್ನು ಪಕ್ಕಕ್ಕಿಟ್ಟು ಆ ಮೂಲ ಪಟ್ಟಿಯನ್ನೇ ತೆರೆಯಿರಿ. ಮೊತ್ತ ಲಕ್ಷದಲ್ಲಿದೆಯೋ ಕೋಟಿಯಲ್ಲಿದೆಯೋ ನೋಡಿ. ಇಲ್ಲಿ ಎಡವಿದರೆ ಸುದ್ದಿ ನೂರು ಪಟ್ಟು ತಪ್ಪುತ್ತದೆ.

ಅಂಗಸಂಸ್ಥೆಗಳೂ ಸೇರಿದ ಲಾಭವನ್ನು ಹೋದ ವರ್ಷದ ಅದೇ ತ್ರೈಮಾಸಿಕದ ಅಂಥದ್ದೇ ಲಾಭದೊಂದಿಗೆ ಹೋಲಿಸಿ. ದಿಢೀರ್ ಏರಿಕೆ ಕಂಡರೆ ‘ಇತರ ಆದಾಯ’ದ ಸಾಲಿಗೆ, ಅಸಾಧಾರಣ ಬಾಬ್ತುಗಳಿಗೆ ಹೋಗಿ: ಜಮೀನು ಮಾರಿದ ದುಡ್ಡು ಅಲ್ಲಿರಬಹುದು. 200 ಕೋಟಿ ಲಾಭದಲ್ಲಿ 90 ಕೋಟಿ ಅಂಥದ್ದಾದರೆ, ವ್ಯಾಪಾರ ಕುದುರಿತು ಎಂಬ ತಲೆಬರಹ ಹಣ ಹೂಡಿದ ಓದುಗರಿಗೆ ಮಾಡುವ ಅನ್ಯಾಯ. ಇನ್ನು ಆದಾಯದಲ್ಲಿ ಲಾಭದ ಪ್ರಮಾಣ (ಮಾರ್ಜಿನ್) ಶೇ 10ರಿಂದ ಶೇ 12ಕ್ಕೆ ಹೋದರೆ ಅದು 2 ಶೇಕಡಾ ಅಂಶಗಳ ಏರಿಕೆ. ‘ಶೇ 2ರಷ್ಟು ಏರಿಕೆ’ ಎಂದು ಬರೆಯಬೇಡಿ.