ಹಾಲ್ಫ್‌ಟೀನ್ ಅಂದರೆ ಒಂಬತ್ತೂವರೆ

ಜನವರಿಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ ದಕ್ಷಿಣ ಆಫ್ರಿಕಾದ ಡಿ ಡೋರ್ನ್ಸ್ ಊರಾಚೆಯ ಒಂದು ದ್ರಾಕ್ಷಿ ತೋಟದ ಗೇಟಿನ ಮುಂದೆ ಕಾರು ನಿಲ್ಲಿಸಿದೆ. ಕೊಟ್ಟ ಹೊತ್ತಿಗಿಂತ ಕಾಲು ಗಂಟೆ ಮೊದಲೇ ಬಂದಿದ್ದೇನೆ ಎಂಬ ನೆಮ್ಮದಿ ಇತ್ತು. ಹಿಂದಿನ ರಾತ್ರಿ ತೋಟದ ಮಾಲೀಕರು ವಾಟ್ಸಾಪ್‌ನಲ್ಲಿ ಕಳಿಸಿದ್ದು ಅಲ್ಲಿನ ಆಫ್ರಿಕಾನ್ಸ್ ಭಾಷೆಯ ಎರಡೇ ಪದ: ‘ಮೋರ ಹಾಲ್ಫ್‌ಟೀನ್’. ಮೋರ ಅಂದರೆ ನಾಳೆ. ಟೀನ್ ಅಂದರೆ ಹತ್ತು. ಹಾಲ್ಫ್ ಅಂದರೆ ಅರ್ಧ. ಹತ್ತು, ಅರ್ಧ, ಸೇರಿಸಿದರೆ ಹತ್ತೂವರೆ. ಕನ್ನಡದಲ್ಲಿ ಲೆಕ್ಕ ಹಾಕುವ ಯಾರಿಗಾದರೂ ಹಾಗೆಯೇ ಅನಿಸುತ್ತದೆ.

ಹಣ್ಣು ಆರಿಸಿ ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿನ ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕಿ ಗೋಡೆ ಗಡಿಯಾರದ ಕಡೆ ಕೈ ತೋರಿಸಿದರು. ಆಫ್ರಿಕಾನ್ಸ್‌ನಲ್ಲಿ ‘ಅರ್ಧ ಹತ್ತು’ ಅಂದರೆ ಹತ್ತನೆಯ ಗಂಟೆ ಅರ್ಧ ಕಳೆದಿದೆ ಎಂದು, ಅಂದರೆ ಒಂಬತ್ತೂವರೆ. ಮಾಲೀಕರು ಮುಕ್ಕಾಲು ಗಂಟೆ ಕಾಯುವಷ್ಟು ಕಾದು ತೋಟದೊಳಗೆ ಹೋಗಿದ್ದರು. ಕಟಾವಿನ ಕಾಲ ಅದು. ಒಬ್ಬ ದ್ರಾಕ್ಷಿ ಬೆಳೆಗಾರನ ಪಾಲಿಗೆ ಆ ಮುಕ್ಕಾಲು ಗಂಟೆಯ ಬೆಲೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರ ಮನೆಯವನು. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಮೇಲೆ ಕಾಯಿ ಇಳಿಯುವವರೆಗೆ ನಮ್ಮಪ್ಪ ನೆಂಟರ ಮದುವೆಗೂ ಹೋದವರಲ್ಲ.

ನಾನು ಕೆಲಸ ಮಾಡುವುದು ಪ್ಯಾಕ್‌ಹೌಸುಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯಲ್ಲಿ. ಯಾವ ತೋಟದ ಯಾವ ಭಾಗದಿಂದ ಎಷ್ಟು ಹಣ್ಣು ಬಂತು, 4.5 ಕಿಲೋದ ಪೆಟ್ಟಿಗೆ ಎಷ್ಟು ತುಂಬಿತು, ತೆಗೆದು ಹಾಕಿದ ಹಣ್ಣಿನಲ್ಲಿ ಯಾವ ದೋಷ ಎಷ್ಟು, ಇದೆಲ್ಲ ಅದರಲ್ಲಿ ದಾಖಲಾಗಬೇಕು. ಕಂಪನಿ ನನ್ನನ್ನು ಕೇಪ್‌ಟೌನ್ ಹತ್ತಿರದ ಪಾರ್ಲ್‌ಗೆ ಕಳಿಸಿದಾಗ ಇಂಗ್ಲಿಷ್ ಒಂದೇ ಸಾಕು ಅಂದಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಈಗ 12 ಅಧಿಕೃತ ಭಾಷೆಗಳು, 2022ರ ಜನಗಣತಿಯ ಪ್ರಕಾರ ಆಫ್ರಿಕಾನ್ಸ್ ಮನೆಮಾತಾಗಿರುವವರು ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು. ದೇಶದ ಲೆಕ್ಕದಲ್ಲಿ ಅದು ಸಣ್ಣ ಪಾಲು. ಆದರೆ ಪಶ್ಚಿಮ ಕೇಪ್‌ನ ತೋಟಗಳ ದಾರಿ ಹಿಡಿದರೆ ಕಿವಿಗೆ ಬೀಳುವುದು ಅದೇ ಮಾತು. ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗುತ್ತದೆ, ದರದ ಮಾತು ಬಂದ ಕೂಡಲೇ ಅವರವರು ಆಫ್ರಿಕಾನ್ಸ್‌ಗೆ ಹೊರಳುತ್ತಾರೆ. ಸಾಂಗ್ಲಿಯಲ್ಲಿ ದಲಾಲರು ಮರಾಠಿಗೆ ಹೊರಳಿದ ಹಾಗೆ. ಎರಡು ತಿಂಗಳು ಹೀಗೆ ಕೂತೆದ್ದ ಮೇಲೆ ಕಲಿಯುತ್ತೇನೆಂದು ನಿರ್ಧರಿಸಿದೆ. ಕಾರಿನಲ್ಲಿ ಆರ್‌ಎಸ್‌ಜಿ ರೇಡಿಯೋ, ವಾರಕ್ಕೊಮ್ಮೆ ‘ಲಾಂಡ್‌ಬೌವೀಕ್‌ಬ್ಲಾಡ್’ ಕೃಷಿ ಪತ್ರಿಕೆ, ಸಂಜೆ ಒಂದು ಗಂಟೆ ಪುಸ್ತಕ.

ಕಲಿಯುವುದಕ್ಕೆ ಊರಿನ ಆಸ್ತಿ ನೆರವಿಗೆ ಬಂತು. ಆಫ್ರಿಕಾನ್ಸ್‌ನ ‘ಗ’ ಅಕ್ಷರ ಗಂಟಲಾಳದಿಂದ ಉಜ್ಜಿಕೊಂಡು ಬರುವ ‘ಖ’. ಬೆಂಗಳೂರಿನ ಸಹೋದ್ಯೋಗಿಗಳು ಅದಕ್ಕೆ ವಾರಗಟ್ಟಲೆ ತಿಣುಕಿದರು. ಗೋಳಗುಮ್ಮಟದ ಸುತ್ತ ದಖನಿ ಉರ್ದು ಕೇಳುತ್ತ ಬೆಳೆದವನಿಗೆ ‘ಖಬರ್’, ‘ಖಲಂ’ ಎನ್ನುವಾಗಿನ ಆ ಸದ್ದು ಹೊಸದಲ್ಲ. ಸಂಖ್ಯೆಗಳೂ ಹಾಗೆಯೇ. ಎಪ್ಪತ್ತೈದಕ್ಕೆ ಅವರು ‘ಫೇಫ್ ಎನ್ ಸೇವನ್‌ಟಖ್’ ಎನ್ನುತ್ತಾರೆ, ಐದು ಮತ್ತು ಎಪ್ಪತ್ತು. ಬಿಡಿ ಮೊದಲು, ಹತ್ತು ಆಮೇಲೆ. ಕನ್ನಡದ ಎಪ್ಪತ್ತೈದರ ಪಟ್ಟು ಹಿಡಿದು ಕೇಳಿದರೆ ಕೈ 57 ಬರೆದುಬಿಡುತ್ತದೆ, ದರಪಟ್ಟಿಯಲ್ಲಿ ಹಾಗಾದರೆ ಗತಿಯೇನು! ತಾಸಗಾಂವ್ ಪೇಟೆಯಲ್ಲಿ ಬೇದಾಣಿ, ಅಂದರೆ ಒಣದ್ರಾಕ್ಷಿ, ಹರಾಜಿನ ಸವಾಲು ಕೇಳುತ್ತ ಅಪ್ಪನ ಪಕ್ಕ ನಿಂತಿದ್ದು ಆಗ ನೆನಪಾಯಿತು. ಮರಾಠಿಯ ‘ಪಂಚ್ಯಾಹತ್ತರ್’ ಕೂಡ ಐದರಿಂದಲೇ ಶುರುವಾಗುವುದು. ಅವತ್ತಿನಿಂದ ಆಫ್ರಿಕಾನ್ಸ್ ಅಂಕಿಗಳನ್ನು ಮರಾಠಿಯ ಕಿವಿಯಲ್ಲಿ ಕೇಳುತ್ತೇನೆ, ಒಮ್ಮೆಯೂ ತಪ್ಪಿಲ್ಲ.

ಗಡಿಯಾರಕ್ಕೆ ಮಾತ್ರ ಅಂಥ ಆಸರೆ ಇರಲಿಲ್ಲ.

ಮೇಲ್ವಿಚಾರಕಿ ನನ್ನ ಮುಖ ನೋಡಿ, ಮಾಲೀಕರು ‘ನೆಟ್‌ನೌ’ ಬರುತ್ತಾರೆ ಎಂದರು. ನೌ ಅಂದರೆ ಈಗ. ನೆಟ್‌ನೌ ಅಂದರೆ ಈಗಲ್ಲ, ಇನ್ನೇನು ಬರುವ ಹೊತ್ತೂ ಅಲ್ಲ, ಆಮೇಲೆ ಯಾವಾಗಲೋ. ‘ನೌ-ನೌ’ ಅಂದಿದ್ದರೆ ಸ್ವಲ್ಪ ಬೇಗ ಎಂದು ತಿಳಿಯಬಹುದಿತ್ತು. ನಮ್ಮಲ್ಲಿ ಮನೆ ಬಿಡುವಾಗ ‘ಬರ್ತೀನ್ರಿ’ ಅಂದು ಹೋಗುವುದಿಲ್ಲವೇ? ಪದದ ಅರ್ಥ ಹಿಡಿದು ಕೂತವನಿಗೆ ಅದೂ ಗೊತ್ತಾಗುವುದಿಲ್ಲ. ನೆಟ್‌ನೌ ಅವತ್ತು ಎರಡು ಗಂಟೆಯ ಮೇಲಾಯಿತು. ಆ ಎರಡು ಗಂಟೆ ನಾನು ಪ್ಯಾಕ್‌ಹೌಸಿನ ಒಳಗೆ, ಒಂದು ಖಾಲಿ ಕ್ರೇಟಿನ ಮೇಲೆ ಕೂತಿದ್ದೆ.

ಸಾಲಿನಲ್ಲಿ ಮೂವತ್ತಕ್ಕೂ ಹೆಚ್ಚು ಹೆಂಗಸರು. ಎಲ್ಲರ ಕೈಯಲ್ಲೂ ಮೊಂಡು ತುದಿಯ ಪುಟ್ಟ ಕತ್ತರಿ. ಗೊಂಚಲನ್ನು ತೊಟ್ಟು ಹಿಡಿದೇ ಎತ್ತಬೇಕು, ಮಣಿಗೆ ಬೆರಳು ತಾಗಿದರೆ ಮೇಲಿನ ಬೂದಿಯಂಥ ಮಬ್ಬು ಅಳಿಸಿ ಕಲೆ ಕೂರುತ್ತದೆ. ಗೊಂಚಲನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸುವಷ್ಟರಲ್ಲಿ ಕತ್ತರಿ ಮೂರು ನಾಲ್ಕು ಕಡೆ ಮುಟ್ಟಿ ಬರುತ್ತದೆ. ಒಡೆದದ್ದು, ಬಿಸಿಲಿಗೆ ಕಂದಿದ್ದು, ಕೊಳೆಯಲು ಹಿಡಿದದ್ದು ಕೆಳಗಿನ ತಟ್ಟೆಗೆ. ಉಳಿದದ್ದು ಚೀಲಕ್ಕೆ, ಚೀಲ ಪೆಟ್ಟಿಗೆಗೆ, ಮೇಲೊಂದು ಹಣ್ಣು ಕೊಳೆಯದಂತೆ ಗಂಧಕದ ಹಾಳೆ, ಆಮೇಲೆ ಮಡಚಿ ಮುಚ್ಚುವುದು. ಅಲ್ಲಿಂದ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿನ ಕೋಲ್ಡ್ ರೂಮಿಗೆ, ಆಮೇಲೆ ಬಂದರಿಗೆ. ಊರಲ್ಲಿ ನಮ್ಮವ್ವ ಇದೇ ಕೆಲಸ ಮಾಡುತ್ತಾಳೆ, ಕತ್ತರಿಯೂ ಹೆಚ್ಚುಕಡಿಮೆ ಅಂಥದ್ದೇ.

ಕೆಲಸದ ನಡುವೆ ಅವರು ಕೂಗಿ ಹೇಳುತ್ತಿದ್ದ ಮಾತಿಗೆ ಕಿವಿಗೊಟ್ಟೆ. ನನ್ನ ಪುಸ್ತಕದ ಆಫ್ರಿಕಾನ್ಸ್ ಅಲ್ಲಿ ಕೇಳಲೇ ಇಲ್ಲ. ಮಾತು ಚುರುಕು, ಪದಗಳ ಅಂಚು ತೇಯ್ದಿತ್ತು, ನಡುನಡುವೆ ಇಂಗ್ಲಿಷ್ ಹಾಸುಹೊಕ್ಕಾಗಿತ್ತು. ಅಲ್ಲಿ ‘ಕಲರ್ಡ್’ ಎಂದು ಸರ್ಕಾರ ಗುರುತಿಸುವ, ಮಿಶ್ರ ಮೂಲದ ಸಮುದಾಯದ ಹೆಂಗಸರು ಅವರು. ಆಫ್ರಿಕಾನ್ಸ್ ಎಂದರೆ ಬಿಳಿಯರ ಭಾಷೆ ಎಂದುಕೊಂಡೇ ನಾನು ಕಲಿಯತೊಡಗಿದ್ದು. ಅದನ್ನು ಮನೆಮಾತಾಗಿ ಆಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಳಿಯರಲ್ಲ. ಡಚ್ಚರು ಇಂದಿನ ಇಂಡೋನೇಷ್ಯಾದ ದ್ವೀಪಗಳಿಂದ, ಬಂಗಾಳದಿಂದ, ಮಲಬಾರ್ ಮತ್ತು ಕೋರಮಂಡಲ ಕರಾವಳಿಗಳಿಂದ ಹಿಡಿದು ತಂದ ಗುಲಾಮರು, ಅಲ್ಲಿನ ಮೂಲನಿವಾಸಿ ಖೊಯ್‌ಖೊಯ್ ಜನ, ಇವರೆಲ್ಲರ ಬಾಯಲ್ಲಿ ತಿರುಗಿ ತಿರುಗಿ ಡಚ್ ಈ ರೂಪಕ್ಕೆ ಬಂತು. ‘ಬಹಳ’ ಎನ್ನುವುದಕ್ಕೆ ಅವರು ಗಳಿಗೆಗೊಮ್ಮೆ ಬಳಸುವ ‘ಬಾಯೆ’ ಮಲಯ್ ಮೂಲದ್ದು, ಬಾಳೆಹಣ್ಣಿಗೆ ಹೇಳುವ ‘ಪಿಸಾಂಗ್’ ಕೂಡ. ಕೇಪ್‌ನ ಮುಸ್ಲಿಮರು 19ನೇ ಶತಮಾನದಲ್ಲಿ ಈ ಭಾಷೆಯನ್ನು ಅರಬ್ಬಿ ಲಿಪಿಯಲ್ಲಿ ಬರೆದರು. ಪಾರ್ಲ್‌ನ ಬೆಟ್ಟದ ಮೇಲೆ 1975ರಲ್ಲಿ ಕಟ್ಟಿದ ಭಾಷಾ ಸ್ಮಾರಕ ನಾನು ದಿನಾ ನೋಡುವಂಥದ್ದು. ಅದರ ಮರುವರ್ಷವೇ, 1976ರ ಜೂನ್ 16ರಂದು, ಶಾಲೆಯಲ್ಲಿ ಈ ಭಾಷೆಯನ್ನು ಹೇರಬೇಡಿ ಎಂದು ಜೊಹಾನ್ಸ್‌ಬರ್ಗ್ ಅಂಚಿನ ಸೊವೆಟೊದ ಕಪ್ಪು ಜನಾಂಗದ ಮಕ್ಕಳು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಜೊಹಾನ್ಸ್‌ಬರ್ಗ್‌ನ ನಮ್ಮ ಸಹೋದ್ಯೋಗಿಯೊಬ್ಬರು, ನನ್ನ ಜೊತೆ ಮಾತ್ರ ಅದನ್ನು ಆಡಬೇಡ ಎಂದು ಮೊದಲ ದಿನವೇ ಕೇಳಿಕೊಂಡಿದ್ದರು. ಆಡಿಲ್ಲ, ಆಡುವುದೂ ಇಲ್ಲ. ವ್ಯಾಪಾರಕ್ಕಾಗಿ ಈ ಭಾಷೆ ಕಲಿಯುವವರು ಎಲ್ಲಿ ಆಡಬೇಕು, ಎಲ್ಲಿ ಸುಮ್ಮನಿರಬೇಕು ಎನ್ನುವುದನ್ನು ವ್ಯಾಕರಣಕ್ಕಿಂತ ಮೊದಲು ಕಲಿಯಬೇಕೆಂದು ನಾನು ನಂಬಿದ್ದೇನೆ.

ಕ್ರೇಟಿನ ಮೇಲೆ ಕೂತವನಿಗೆ ಇನ್ನೊಂದು ಕಂಡಿತು. ಸಾಲಿನ ಕೊನೆಯಲ್ಲಿ ನಮ್ಮ ಟ್ಯಾಬ್ಲೆಟ್ ಇತ್ತು. ತೆಗೆದುಹಾಕಿದ ಹಣ್ಣಿನ ದೋಷ ಯಾವುದೆಂದು ಅದರಲ್ಲಿ ಒತ್ತಬೇಕು. ಆಫ್ರಿಕಾನ್ಸ್ ಪಟ್ಟಿ ತಯಾರಿಸಿದವನು ನಾನೇ, ನಿಘಂಟು ಹಿಡಿದು, ಪದಕ್ಕೆ ಪದ. ‘ಬೆಸ್ಸಿ’ ಎಂದು ಹಣ್ಣಿನ ಮಣಿಗೆ ಬರೆದಿದ್ದೆ. ಸಾಲಿನ ಯಾರ ಬಾಯಲ್ಲೂ ಬೆಸ್ಸಿ ಇಲ್ಲ. ಮಣಿಗೆ ಅವರು ‘ಕೋರಲ್’ ಅನ್ನುತ್ತಾರೆ, ಕಾಳು ಎಂದು. ಉದುರಿದ ಮಣಿ ‘ಲೋಸ್ ಕೋರಲ್ಸ್’, ಗೊಂಚಲು ‘ಟ್ರೋಸ್’, ಬಿಸಿಲಿಗೆ ಕಂದಿದ್ದು ‘ಸೋನ್‌ಬ್ರಾಂಟ್’, ಕೊಳೆತದ್ದು ‘ಫ್ರೋಟ್’. ನನ್ನ ಪಟ್ಟಿ ಅರ್ಥವಾಗದೆ ಟ್ಯಾಬ್ಲೆಟ್ ಮುಂದಿದ್ದ ಹುಡುಗಿ ಪ್ರತಿ ಸಲವೂ ಕೊನೆಯ ‘ಇತರೆ’ ಒತ್ತುತ್ತಿದ್ದಳು. ಈ ತೋಟದ ವರದಿಯಲ್ಲಿ ‘ಇತರೆ’ಯೇ ಯಾಕೆ ಇಷ್ಟು ಎಂದು ಆಫೀಸಿನಲ್ಲಿ ನಾವು ಮೂರು ವಾರ ತಲೆ ಕೆಡಿಸಿಕೊಂಡಿದ್ದೆವು. ಮಾಲೀಕರು ನನ್ನನ್ನು ಕರೆಸಿದ್ದೂ ಅದಕ್ಕೇ. ಒಂಬತ್ತೂವರೆಗೆ ಬಂದಿದ್ದರೆ ಆಫೀಸು ಕೋಣೆಯಲ್ಲಿ ಕೂತು, ಕೆಲಸಗಾರರಿಗೆ ಇನ್ನೊಂದು ಸುತ್ತು ತರಬೇತಿ ಕೊಡೋಣ ಅಂದು ಎದ್ದು ಬರುತ್ತಿದ್ದೆನೇನೋ.

ಊಟದ ಹೊತ್ತಿಗೆ ಮೇಲ್ವಿಚಾರಕಿ ಪಕ್ಕದ ಕ್ರೇಟಿನ ಮೇಲೆ ಬಂದು ಕೂತರು. ಅರವತ್ತರ ಆಸುಪಾಸು. ಡಬ್ಬಿಯಲ್ಲಿ ಬ್ರೆಡ್ಡು, ಅದರೊಳಗೆ ಹಳದಿ ಎಣ್ಣೆಯ ಮಾವಿನಕಾಯಿ ಉಪ್ಪಿನಕಾಯಿ. ಏನೆಂದು ಕೇಳಿದರೆ ‘ಅಚಾರ್’ ಅಂದರು! ನಮ್ಮ ಆಫೀಸಿನಲ್ಲಿ ಎಲ್ಲರೂ ಅವರನ್ನು ಬರಿಯ ಹೆಸರಿಟ್ಟೇ ಕರೆಯುತ್ತಿದ್ದರು, ಫೋನಿನಲ್ಲಿ ನಾನೂ ಹಾಗೆಯೇ ಕರೆದಿದ್ದೆ. ಮಾಲೀಕರಿಗಾದರೆ ಮೊದಲ ದಿನದಿಂದಲೂ ‘ಊಮ್’, ಅಂದರೆ ಮಾಮ, ಕಾಕಾ. ಆಫ್ರಿಕಾನ್ಸ್‌ನಲ್ಲಿ ಹಿರಿಯರಿಗೆ ‘ನೀನು’ ಅನ್ನುವಂತಿಲ್ಲ, ಪುಸ್ತಕದ ‘ನೀವು’ ತೀರ ಬಿಗಿ. ಆದ್ದರಿಂದ ಆ ಜಾಗದಲ್ಲೂ ಊಮ್ ಪದವನ್ನೇ ಇಡುತ್ತಾರೆ: ‘ಊಮ್ ಕಾಫಿ ಕುಡಿಯುತ್ತಾರಾ?’ ಹೆಂಗಸರಿಗೆ ‘ಟಾನಿ’. ಇಬ್ಬರೂ ನನಗಿಂತ ಹಿರಿಯರೇ. ಒಬ್ಬರಿಗೆ ಕಾಕಾ, ಇನ್ನೊಬ್ಬರಿಗೆ ಬರಿಯ ಹೆಸರು. ಬಿಳಿಯರ ಆಳ್ವಿಕೆಯ ಕಾಲದಲ್ಲಿ ಕೆಲಸದವರನ್ನು ವಯಸ್ಸು ನೋಡದೆ ಹೆಸರಿಟ್ಟು ಕರೆಯುತ್ತಿದ್ದ ರೂಢಿ ನನ್ನ ನಾಲಿಗೆಯ ಮೇಲೂ ಬಂದು ಕೂತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ನಮ್ಮೂರಲ್ಲಿ ಅವ್ವನ ವಾರಿಗೆಯವರನ್ನು ಹಾಗೆ ಕರೆದಿದ್ದರೆ ಅಪ್ಪ ಮನೆಯೊಳಗೆ ಸೇರಿಸುತ್ತಿರಲಿಲ್ಲ.

‘ಟಾನಿ, ನನ್ನ ಪಟ್ಟಿ ತಪ್ಪಿದೆ, ತಿದ್ದಿಕೊಡುತ್ತೀರಾ?’ ಎಂದು ನನಗೆ ಬಂದಷ್ಟು ಆಫ್ರಿಕಾನ್ಸ್‌ನಲ್ಲಿ ಕೇಳಿದೆ. ಅವರು ಬ್ರೆಡ್ಡು ಕೆಳಗಿಟ್ಟು ನನ್ನನ್ನೇ ನೋಡಿದರು. ಟಾನಿ ಅಂದರೆ ಮಾಲೀಕರ ಹೆಂಡತಿ, ಇಲ್ಲಿ ನನಗೆ ಎಲ್ಲರೂ ‘ಆಂಟಿ’ ಅನ್ನುತ್ತಾರೆ ಎಂದರು. ಆಮೇಲೆ ಕೈ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದರು. ಹದಿನಾಲ್ಕು ಪದಗಳಲ್ಲಿ ಒಂಬತ್ತನ್ನು ಹೊಡೆದು ಹಾಕಿ ಪಕ್ಕದಲ್ಲಿ ತಮ್ಮವನ್ನು ಬರೆದರು. ಎರಡು ದೋಷಗಳು ಪಟ್ಟಿಯಲ್ಲಿ ಇರಲೇ ಇಲ್ಲ, ಅವನ್ನೂ ಸೇರಿಸಿದರು.

ಹನ್ನೆರಡೂವರೆ ದಾಟಿದ ಮೇಲೆ ಮಾಲೀಕರ ಬಕ್ಕಿ ಬಂತು. ಬಕ್ಕಿ ಅಂದರೆ ಹಿಂದೆ ತೆರೆದ ಪಿಕಪ್ ಗಾಡಿ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಪರಿಚಯದ ಸಾಲುಗಳು ಈಗ ಬೇಕಿರಲಿಲ್ಲ. ‘ಎಕ್ ಇಸ್ ಯಾಮರ್, ಊಮ್. ಎಕ್ ಹೆಟ್ ಊಮ್ ಲಾಟ್ ವಾಖ್.’ ತಪ್ಪಾಯಿತು ಕಾಕಾ, ಕಾಕಾನ್ನ ಕಾಯಿಸಿದೆ. ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ನಿಮ್ಮಲ್ಲಿ ಹಾಲ್ಫ್‌ಟೀನ್ ಅಂದರೆ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹತ್ತೂವರೆ ಎಂದು ಆಫ್ರಿಕಾನ್ಸ್‌ನಲ್ಲೇ ಹೇಳಿದೆ. ಆಮೇಲೆ ಅವರು ಇಂಗ್ಲಿಷಿಗೆ ತಿರುಗಲಿಲ್ಲ. ನನ್ನ ವೇಗಕ್ಕೆ ಇಳಿದು, ನಿಧಾನವಾಗಿ, ಪದ ಬಿಡಿಸಿ ಮಾತಾಡಿದರು. ಆಂಟಿ ತಿದ್ದಿದ ಹಾಳೆಯನ್ನು ಮುಂದಿಟ್ಟೆ. ಯಾರ ಕೈಬರಹ ಎಂದು ಕೇಳಿದರು, ಹೇಳಿದೆ. ಹಾಳೆಯನ್ನು ಎರಡು ಸಲ ಓದಿ, ಇದನ್ನೇ ಹಾಕಿ ಎಂದರು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಭಾಷೆ, ಟ್ಯಾಬ್ಲೆಟ್ ಎಲ್ಲ ಕೇಳಿಸಿಕೊಂಡು, ‘ಅಲ್ಲಿ ಚಾಟ್ನಿ ವರ್ಷಕ್ಕ ಎಷ್ಟ್ ಸಲ ಮಾಡ್ತಾರೋ?’ ಅಂತ ಕೇಳಿದರು. ಒಂದೇ ಸಲ, ಚಳಿಗಾಲದಾಗ ಅಂದೆ. ‘ಪುಣ್ಯವಂತರು’ ಅಂದರು.

ಮುಂದಿನ ಸೋಮವಾರದ ಭೇಟಿ ‘ಹಾಲ್ಫ್‌ಆಖ್ಟ್’ಗೆ. ಆಖ್ಟ್ ಅಂದರೆ ಎಂಟು. ಏಳೂಕಾಲಿಗೇ ಗೇಟಿನಲ್ಲಿದ್ದೆ. ಟ್ಯಾಬ್ಲೆಟ್‌ಗೆ ಹೊಸ ಪಟ್ಟಿ ಹಾಕಿ ಆಂಟಿಯ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಪದವನ್ನು ಗಟ್ಟಿಯಾಗಿ ಓದುತ್ತ ಹೋದರು, ಸಾಲಿನ ಹೆಂಗಸರು ಕತ್ತರಿ ನಿಲ್ಲಿಸದೆ ಹೂಂಗುಟ್ಟಿದರು. ‘ಲೋಸ್ ಕೋರಲ್ಸ್’ ಬಂದಾಗ ಟ್ಯಾಬ್ಲೆಟ್ ಮುಂದಿನ ಹುಡುಗಿ ಕೈ ಚಾಚಿ, ತಟ್ಟೆಯಲ್ಲಿ ಉದುರಿದ್ದ ಮಣಿಗಳನ್ನು ಒಮ್ಮೆ ನೋಡಿ, ಅದನ್ನು ಒತ್ತಿದಳು.