ಬೆಳಗಾಗ್ತದೆ ಅಂತ ಹೆಸರಿಟ್ಟ ಚಾನೆಲ್ಲು

ಮಳೆಗಾಲ ಮುಗಿದ ಕೂಡ್ಲೆ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸ್ತೇನೆ, ಪ್ರತಿ ವರ್ಷ. ಕಾರವಾರದಲ್ಲಿ ನಾನು ಎಡಿಟಿಂಗ್ ಮಾಡ್ತಿದ್ದ ಲೋಕಲ್ ಕೇಬಲ್ ಚಾನೆಲ್ಲಿನ ಮಿನಿ ಡಿವಿ ಕ್ಯಾಸೆಟ್ಟುಗಳು, ಬಂದ್ ಆದಾಗ ಗುಜರಿಗೆ ಹಾಕ್ಬೇಡಿ ಅಂತ ಕೇಳಿ ತಂದದ್ದು. ಈ ಸಲ ಬೂಷ್ಟು ಒರೆಸ್ತಾ ಕೂತಾಗ ಹೀಗೇ ಬಂದ್ ಆದ ಅಲ್ಬೇನಿಯಾದ ಟಿವಿ, ಅಗೋನ್ ಚಾನೆಲ್ ನೆನಪಾಯ್ತು.

ಅಲ್ಬೇನಿಯಾ ಮತ್ತೆ ಇಟಲಿ ಎದುರುಬದುರು, ನಡುವೆ ಆಡ್ರಿಯಾಟಿಕ್ ಸಮುದ್ರ. ಅಲ್ಬೇನಿಯಾವನ್ನ ಕಮ್ಯುನಿಸ್ಟ್ ನಾಯಕ ಎನ್ವರ್ ಹೋಜಾ ಆಳ್ತಿದ್ದಾಗ ಹೊರಗಿನ ಟಿವಿ ನೋಡ್ಲಿಕ್ಕೆ ಬಿಡ್ತಿರ್ಲಿಲ್ಲ, ಆದ್ರೂ ಜನ ತಗಡಿನ ಡಬ್ಬಿಯಲ್ಲಿ ಏನೋ ಜೋಡಿಸಿ ಆಂಟೆನಾಕ್ಕೆ ಸಿಕ್ಕಿಸಿ ಇಟಲಿಯ ರಾಯ್ ಚಾನೆಲ್ ಹಿಡಿತಿದ್ರು, ಎಷ್ಟೋ ಜನ ಇಟಾಲಿಯನ್ ಕಲ್ತದ್ದೇ ಹಾಗೆ. ನಮ್ಮಪ್ಪ ಮಾಡು ಹತ್ತಿ ಆಂಟೆನಾ ಪಣಜಿ ಕಡೆ ತಿರುಗಿಸೋದು, ನಾನು ಕೆಳಗಿಂದ "ಬಂತು ಬಂತು, ಅಯ್ಯೋ ಹೋಯ್ತು" ಅಂತ ಕೂಗೋದು, ಅದೆಲ್ಲ ಕಣ್ಮುಂದೆ ಬರ್ತದೆ.

ಅಗೋನ್ ಅಂದ್ರೆ ಅಲ್ಬೇನಿಯನ್ನಲ್ಲಿ ಬೆಳಗಾಗ್ತದೆ ಅಂತ ಅರ್ಥ. ಇಟಲಿಯ ಉದ್ಯಮಿ ಫ್ರಾಂಚೆಸ್ಕೊ ಬೆಕೆಟ್ಟಿ 2013ರಲ್ಲಿ ಅಲ್ಬೇನಿಯಾದ ರಾಜಧಾನಿ ತಿರಾನಾದಲ್ಲಿ ಶುರು ಮಾಡಿದ್ದು, ಮೊದ್ಲು ಅಲ್ಬೇನಿಯನ್ ಭಾಷೆಯಲ್ಲಿ. 2014ರ ಡಿಸೆಂಬರ್ 1ಕ್ಕೆ ಅದೇ ಊರಿಂದ ಇಟಲಿಯವ್ರಿಗೆ ಅಂತಲೇ ಇಟಾಲಿಯನ್ ಚಾನೆಲ್ಲೂ ಬಂತು. ಖರ್ಚು ಕಡಿಮೆ ಅಲ್ವಾ ಅಲ್ಲಿ, ನಿರೂಪಕರು ಇಟಲಿಯಿಂದ, ಕ್ಯಾಮೆರಾ, ಲೈಟು, ಎಡಿಟಿಂಗಿಗೆ ಅಲ್ಲಿನ ಹುಡುಗ್ರು ಹುಡುಗಿಯರು. ಡಬ್ಬಿ ಸಿಕ್ಕಿಸಿ ಆ ದಡದ ಟಿವಿ ಹಿಡಿದವ್ರ ಮಕ್ಕಳು ಆಗ ಆ ದಡಕ್ಕೇ ಟಿವಿ ಕಳಿಸ್ತಿದ್ರು, ನಂಗೆ ಇದು ತುಂಬಾ ದೊಡ್ಡದು ಅನ್ನಿಸ್ತದೆ.

ಒಂದು ವರ್ಷವೂ ನಡೀಲಿಲ್ಲ ಆ ಇಟಾಲಿಯನ್ ಚಾನೆಲ್ಲು. 2015ರ ಜೂನಲ್ಲಿ ಅಲ್ಬೇನಿಯಾ ಸರ್ಕಾರಿ ವಕೀಲರು ಬೆಕೆಟ್ಟಿ ಮೇಲೆ ಅಕ್ರಮ ಹಣದ ಕೇಸ್ ಹಾಕಿದ್ರು, ಖಾತೆ, ಆಸ್ತಿ ಜಪ್ತಿ ಆಯ್ತು, ಅಕ್ಟೋಬರಲ್ಲಿ ಪ್ರಸಾರ ನಿಂತೇ ಹೋಯ್ತು. ಬೆಕೆಟ್ಟಿ ಆರೋಪ ಒಪ್ಪದೆ ಅಂತರರಾಷ್ಟ್ರೀಯ ಹೂಡಿಕೆ ವಿವಾದದ ಟ್ರಿಬ್ಯುನಲ್ಲಿಗೆ ಹೋಗಿದ್ರು, ಅದು 2019ರಲ್ಲಿ ತಪ್ಪು ಅಲ್ಬೇನಿಯಾದ್ದು ಅಂತ ಹೇಳಿ ಸುಮಾರು 11 ಕೋಟಿ ಯೂರೊ ಪರಿಹಾರ ಕೊಡ್ಲಿಕ್ಕೆ ಆದೇಶ ಮಾಡ್ತು. ಹಾಕಿದ ದುಡ್ಡಿಗೆ ಒಂದು ಲೆಕ್ಕ ಸಿಕ್ತು, ಸರಿ. ಆದ್ರೆ ರಾತ್ರಿಪಾಳಿ ಮಾಡಿ ಎಡಿಟಿಂಗ್ ಮಾಡಿದ ಹುಡುಗಿ ಯಾವ ಟ್ರಿಬ್ಯುನಲ್ಲಿಗೆ ಹೋಗ್ಬೇಕು? ನಮ್ಮಲ್ಲೂ ಒಂದಿನ ಬೆಳಿಗ್ಗೆ ಹೋದಾಗ ಶಟರ್ ಎಳೆದಿತ್ತು, ಎರಡು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ.

ಬೂಷ್ಟು ಕಡಿಮೆ ಇದ್ದ ಕ್ಯಾಸೆಟ್ಟೊಂದನ್ನ ಹಳೇ ಹ್ಯಾಂಡಿಕ್ಯಾಮಿಗೆ ಹಾಕ್ದೆ. ಕೂರ್ಮಗಡ ದ್ವೀಪದ ಜಾತ್ರೆ, ಬೈತಖೋಲದಿಂದ ಹೊರಟ ದೋಣಿ, ಮಡಿಲಲ್ಲಿ ಬಾಳೆಗೊನೆ ಹಿಡಿದು ಕೂತ ಒಬ್ಬಳು ಅಜ್ಜಿ. ಅವ್ಳು ಕ್ಯಾಮೆರಾ ಕಡೆ ತಿರುಗಿ ಏನೋ ಹೇಳ್ಲಿಕ್ಕೆ ಬಾಯಿ ತೆಗೀತಾಳೆ, ಅಷ್ಟರಲ್ಲಿ ಚಿತ್ರ ಚೌಕ ಚೌಕ ಒಡೆದು ನಿಂತುಬಿಡ್ತದೆ. ಕ್ಯಾಸೆಟ್ ಓದೋ ಹೆಡ್ ಒರೆಸಿ ಮತ್ತೆ ಹಾಕಿದ್ದೇನೆ.