ಸಜ್ಜಾದ ಮೇಲಿನ ಗಂಟು

ಹಬ್ಬಕ್ಕೆ ದೊಡ್ಡ ಇಡ್ಲಿ ಪಾತ್ರೆ ಬೇಕಿತ್ತು. ಅದು ಇದ್ದದ್ದು ಅಡುಗೆಮನೆ ಸಜ್ಜಾದ ಮೇಲೆ, ಎಲ್ಲಕ್ಕಿಂತ ಹಿಂದೆ. ಸ್ಟೂಲ್ ಹತ್ತಿ, ಕೈ ಹಾಕಿ ಎಳೆದೆ. ಪಾತ್ರೆ ಬರಲಿಲ್ಲ. ಅದರ ಪಕ್ಕ ಯಾವ ಕಾಲದಲ್ಲೋ ತುರುಕಿದ್ದ ಬಟ್ಟೆ ಗಂಟು ಬಂತು, ಸೀದಾ ತಲೆ ಮೇಲೆ. ಪುಣ್ಯಕ್ಕೆ ಅದೇ ಬಂತು. ಇಡ್ಲಿ ಪಾತ್ರೆ ಬಂದಿದ್ದರೆ ಇದನ್ನು ಬರೆಯೋಕೆ ನಾನಿರುತ್ತಿರಲಿಲ್ಲ.

ಬಿಚ್ಚಿ ನೋಡಿದೆ. ಅಮ್ಮನ ಹಳೇ ಸೀರೆ 11, ನಮ್ಮನೆಯವರ ಲುಂಗಿ 4, ಮಗನ ಎರಡನೇ ಕ್ಲಾಸಿನ ಯೂನಿಫಾರ್ಮ್ (ಅವನೀಗ ಒಂಬತ್ತನೇ ಕ್ಲಾಸು), ಹಿಂದಿನ ಬಾಡಿಗೆ ಮನೆಯ ಕರ್ಟನ್, ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆ) ಒಂದು ತುಂಡು, ಮತ್ತೆ ಯಾರದ್ದು ಅಂತಲೇ ಗೊತ್ತಿಲ್ಲದ ಒಂದು ದಿಂಬಿನ ಕವರ್. ತೂಕದ ಮಿಷನ್ ಮೇಲಿಟ್ಟರೆ 9 ಕೆಜಿ ಚಿಲ್ಲರೆ. ಮೂರು ಮನೆ ಬದಲಿಸಿದ್ದೇವೆ, ಮೂರು ಸಲವೂ ಈ 9 ಕೆಜಿಗೆ ಟೆಂಪೋ ಬಾಡಿಗೆ ಕೊಟ್ಟು ಹೊತ್ತು ತಂದಿದ್ದೇವೆ. ಯಾಕೆ ಅಂದರೆ, "ಇರಲಿ, ಬೇಕಾಗುತ್ತೆ."

ಮನೆಯಲ್ಲಿ ಬೇರೆ ಏನನ್ನಾದರೂ ಸಾಗಹಾಕಬಹುದು. ಪೇಪರ್, ಬಾಟಲಿ, ಕಬ್ಬಿಣ ಎಲ್ಲವನ್ನೂ ಗುಜರಿಯವನು ತೂಕ ಮಾಡಿ ಒಯ್ಯುತ್ತಾನೆ. ಬಟ್ಟೆಯನ್ನು ಮಾತ್ರ ಯಾರೂ ಕೇಳಲ್ಲ. ಕೊಡೋಣ ಅಂದರೆ ಹರಿದಿದೆ, ಎಸೆಯೋಣ ಅಂದರೆ ಅಮ್ಮನದ್ದು.

ಧಾರವಾಡದಲ್ಲಿ ನಾವು ಚಿಕ್ಕವರಿದ್ದಾಗ ಪಾತ್ರೆ ಬುಟ್ಟಿ ಹೊತ್ತುಕೊಂಡು ಒಬ್ಬ ಹೆಂಗಸು ಬರುತ್ತಿದ್ದಳು. ಹಳೇ ಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ. ಅವಳು ಒಂದೊಂದೇ ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕುತ್ತಿದ್ದಳು, ಅಮ್ಮ ತೂತಿನ ಮೇಲೆ ಬೆರಳು ಇಟ್ಟುಕೊಂಡು ಮಾತಾಡುತ್ತಿದ್ದಳು. ಸೀರೆಗೆ ಬೆಲೆ ಕಡಿಮೆ, ಪ್ಯಾಂಟಿಗೆ ಜಾಸ್ತಿ. ಐದು ಪ್ಯಾಂಟು ಹೋಗಿ ಒಂದು ಡಬರಿ ಬಂದಿದ್ದು ನನಗೆ ಚೆನ್ನಾಗಿ ನೆನಪಿದೆ, ಆ ಐದರಲ್ಲಿ ಒಂದು ಅಪ್ಪ ಇನ್ನೂ ಹಾಕಿಕೊಳ್ಳುತ್ತಿದ್ದ ಪ್ಯಾಂಟು. ಬೆಂಗಳೂರಿನ ನಮ್ಮ ಬೀದಿಗೆ ಅಂಥವರು ಬರೋದು ಈಗ ಅಪರೂಪ. ಈ ಸಲ ಒಬ್ಬಳು ಸಿಕ್ಕಳು. ಸೀರೆ ರಾಶಿ ನೋಡಿ ಒಂದು ಪ್ಲಾಸ್ಟಿಕ್ ಟಬ್ ಕೊಡ್ತೀನಿ ಅಂದಳು. ನನ್ನ ಹತ್ತಿರ ಆಗಲೇ ಮೂರು ಟಬ್ ಇವೆ.

ಆಮೇಲೆ ಬಂದವನು ಸ್ಕೂಟರಿಗೆ ಸ್ಪೀಕರ್ ಕಟ್ಟಿಕೊಂಡು "ಹಳೇ ರೇಷ್ಮೆ ಸೀರೆ, ಜರಿ ಸೀರೆ ಕೊಳ್ತೀವಿ" ಅಂತ ಕೂಗುವವನು. ಆ ಹನ್ನೊಂದರಲ್ಲಿ ರೇಷ್ಮೆ ಒಂದೇ, ಮಡಿಕೆಗಳಲ್ಲಿ ಪೂರ್ತಿ ಸೀಳಿಹೋಗಿತ್ತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ರೇಷ್ಮೆ ಹಾಗೆಯೇ ಸೀಳುತ್ತದೆ. ವರ್ಷಕ್ಕೆ ಎರಡು ಸಲವಾದರೂ ಬಿಚ್ಚಿ ಬೇರೆ ಥರ ಮಡಿಸಬೇಕು, ಗೊತ್ತಿದ್ದೂ ಮಾಡಿರಲಿಲ್ಲ. ಅವನು ಅಂಚನ್ನು ಕಲ್ಲಿಗೆ ಉಜ್ಜಿ, ಮುಖ ಹುಳ್ಳಗೆ ಮಾಡಿ, "ಮೇಡಂ, ಇದು ಟೆಸ್ಟೆಡ್ ಜರಿ, ಬೆಳ್ಳಿ ಇಲ್ಲ, 200 ಕೊಡ್ತೀನಿ" ಅಂದ. ಟೆಸ್ಟೆಡ್ ಅಂದರೆ ಅಂಗಡಿ ಭಾಷೆಯಲ್ಲಿ ನಕಲಿ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಬೆಳ್ಳಿ ಶೇ. 65, ಚಿನ್ನ ಶೇ. 0.65 ಇರುತ್ತದೆ. ನನಗೆ ಯಾಕೋ ಅನುಮಾನ ಬಂತು. ಒಳಗೆ ಹೋಗಿ ಅಂಚಿನಿಂದ ಒಂದು ಎಳೆ ಎಳೆದು ಉಗುರಿನಿಂದ ಕೆರೆದೆ. ಒಳಗೆ ಕೆಂಪು ದಾರ ಕಂಡಿತು. ಬೆಂಕಿಗೆ ಹಿಡಿದೆ, ಕೂದಲು ಸುಟ್ಟ ವಾಸನೆ ಬಂತು. ಅಂದರೆ ಒಳಗಿರೋದು ರೇಷ್ಮೆಯೇ. ಹೊರಗೆ ಬಂದು, "ಕೊಡಲ್ಲಪ್ಪ" ಅಂದೆ. 400 ಅಂದ. ಗೇಟು ಹಾಕುವಾಗ 900 ಆಗಿತ್ತು. ಒಂದೇ ನಿಮಿಷದಲ್ಲಿ ನಕಲಿ ಜರಿಗೆ ಅಷ್ಟು ಬೆಲೆ ಏರಿದ್ದು ನಾನಂತೂ ಬೇರೆಲ್ಲೂ ನೋಡಿಲ್ಲ.

ಇಷ್ಟಾದ ಮೇಲೆ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಬಟ್ಟೆ ಜೋಡಿಸಿಡೋಕೆ ಜಿಪ್ ಇರುವ ಬಾಕ್ಸ್ ತರಿಸಿದೆ. ಆರು. ಮನೆ ಅಚ್ಚುಕಟ್ಟು ಮಾಡೋಕೆ ಅಂತ ಯಾವತ್ತೂ ಏನನ್ನೂ ಕೊಳ್ಳಬಾರದು ಕಣ್ರೀ. ಆ ಬಾಕ್ಸ್ ಇಡೋಕೆ ಜಾಗ ಇಲ್ಲದೆ ಸೂಟ್‌ಕೇಸನ್ನು ಬಾಲ್ಕನಿಗೆ ಹಾಕಿದೆ. ಮಳೆ ಬಂತು. ಮುಂದಿನದು ಬೇಡ ಬಿಡಿ.

ಸಿಟ್ಟಿನಲ್ಲಿ ಮಂಚದ ಕೆಳಗಿನ ಎಲ್ಲವನ್ನೂ ಹೊರಗೆ ಎಳೆಯುವಾಗ ಅಜ್ಜಿಯ ಕೌದಿ (ಹಳೇ ಬಟ್ಟೆ ಪದರ ಪದರವಾಗಿ ಇಟ್ಟು ಹೊಲಿದ ಹೊದಿಕೆ) ಸಿಕ್ಕಿತು. ಒಂದು ಕಡೆ ಹರಿದಿತ್ತು. ಹರಿದ ಕಡೆ ಬೆರಳು ಹಾಕಿ ನೋಡಿದರೆ ಒಳಗೆ ಇನ್ನೊಂದು ಬಟ್ಟೆ, ಅದರ ಕೆಳಗೆ ಮತ್ತೊಂದು. ಅಜ್ಜನ ಧೋತರ, ಅಜ್ಜಿಯ ಕಪ್ಪು ಚಂದ್ರಕಾಳಿ ಸೀರೆ, ಯಾರದ್ದೋ ಮದುವೆಯ ಹಸಿರು ಕುಪ್ಪಸ, ಹೀಗೆ ಎಣಿಸುತ್ತಾ ಹೋದೆ. ಅಷ್ಟೂ ಬಟ್ಟೆ ಒಂದು ಹಾಸಿಗೆಯಷ್ಟು ಜಾಗದಲ್ಲಿ. ಅಜ್ಜಿಗೆ ಬೀರು ಇರಲಿಲ್ಲ, ಒಂದು ಟ್ರಂಕು ಅಷ್ಟೆ. ಸವೆದ ಬಟ್ಟೆಯನ್ನು ಇಡುವ ಜಾಗವೇ ಕೌದಿ. ಇಟ್ಟಹಾಗೂ ಆಯಿತು, ಹೊದೆದ ಹಾಗೂ ಆಯಿತು. ನಾನು ಆರು ಬಾಕ್ಸ್‌ಗೆ ದುಡ್ಡು ಸುರಿದಿದ್ದೆ.

ಸರಿ, ಹೊಲಿಯೋಣ ಅಂತ ತೀರ್ಮಾನಿಸಿದೆ. ಕೌದಿ ಹೊಲಿದು ಗೊತ್ತಿಲ್ಲ, ಅಜ್ಜಿ ಹೊಲಿಯುವಾಗ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟು ಗೊತ್ತು.

ಭಾನುವಾರ ಬೆಳಗ್ಗೆ ಸಂಡೇ ಬಜಾರಿಗೆ ಹೋದೆ. ಚಿಕ್ಕಪೇಟೆ ಮೆಟ್ರೋ ಇಳಿದು ನಡೆದರೆ ಎಸ್‌ಜೆಪಿ ರಸ್ತೆ, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ನೆಲದ ಮೇಲೇ ಅಂಗಡಿ. ಒಂಟಿ ಶೂ, ನಿಂತ ಗಡಿಯಾರ, ಹಲ್ಲು ಮುರಿದ ಪ್ಲಾಸ್, ಯಾರದ್ದೋ ಕಾಲೇಜಿನ ಟ್ರೋಫಿ, ಹಿಡಿ ಇಲ್ಲದ ಮಿಕ್ಸಿ ಜಾರು. ಅಲ್ಲಿ ಒಂದು ನಿಯಮ ಇದೆ: ಬೇಕಾದ ವಸ್ತುವನ್ನು ಮೊದಲು ಮುಟ್ಟಬಾರದು. ಪಕ್ಕದ್ದನ್ನು ಕೇಳಿ, ಬೇಡ ಅಂದು, ಹೊರಡುವಾಗ "ಇದೆಷ್ಟು" ಅನ್ನಬೇಕು. ಹಾಗೆ ಮಾಡಿ 120 ರೂಪಾಯಿಗೆ ಒಂದು ದಪ್ಪ ಹಿಡಿಯ ಮೀರತ್ ಕತ್ತರಿ ತಂದೆ. ಈ ಕತ್ತರಿಗಳನ್ನು ಮೀರತ್‌ನಲ್ಲಿ ಗುಜರಿ ಕಬ್ಬಿಣದಿಂದ, ಹಳೇ ಗಾಡಿಗಳ ಉಕ್ಕಿನಿಂದ ಮಾಡುತ್ತಾರೆ. ಮೊಂಡಾದರೆ ಎಸೆಯುವ ಮಾತೇ ಇಲ್ಲ, ಸಾಣೆ ಹಿಡಿಸಿದರೆ ಮತ್ತೆ ಹೊಸದು. ಸೈಕಲ್ ಮೇಲೆ ಬರುವ ಸಾಣೆಯವನು 40 ರೂಪಾಯಿ ತಗೊಂಡು ಹಿಡಿದುಕೊಟ್ಟ. ಒಡೆದ ಸ್ಪೀಕರಿನಿಂದ ಕಿತ್ತ ಒಂದು ದೊಡ್ಡ ಮ್ಯಾಗ್ನೆಟ್ಟೂ ತಂದೆ, 30 ರೂಪಾಯಿ. ಯಾಕೆ ತಂದೆ ಅಂತ ಮನೆಯಲ್ಲಿ ಕೇಳಿದರು. "ಇರಲಿ, ಬೇಕಾಗುತ್ತೆ" ಅಂದೆ. ಅವರು ಸಜ್ಜಾ ಕಡೆ ನೋಡಿ ಸುಮ್ಮನಾದರು. ಮೆಟ್ರೋಗೆ ವಾಪಸ್ ಹೋಗುವ ಮೊದಲು ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆ ದಪ್ಪ ಹತ್ತಿ ದಾರಕ್ಕೆ ಹುಡುಕಿದೆ, ಅಂಗಡಿ ಮುಚ್ಚಿತ್ತು. ಭಾನುವಾರ ಅಲ್ವಾ. ಮತ್ತೆ ಬುಧವಾರ ಹೋದೆ.

ಲೆಕ್ಕ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಒಂದು ಸೀರೆ ಐದೂವರೆ ಮೀಟರ್. ಒಬ್ಬರು ಮಲಗುವ ಕೌದಿಗೆ ಉದ್ದ ಎರಡೂಕಾಲು ಮೀಟರ್ ಬೇಕು. ಅಂದರೆ ಒಂದು ಸೀರೆ ಕತ್ತರಿಸಿದರೆ ಎರಡು ಪದರ ಬಂದು ಒಂದು ಮೀಟರ್ ಉಳಿಯುತ್ತದೆ. ಅಗಲ ಸಾಲಲ್ಲ, ಸೀರೆಯ ಪನ್ನ 45 ಇಂಚು ಇದ್ದರೆ ಪಕ್ಕಕ್ಕೆ ಇನ್ನೊಂದು ಪಟ್ಟಿ ಜೋಡಿಸಬೇಕು. ಕೆಳಗೊಂದು ಪೂರ್ತಿ ಪದರ, ನಡುವೆ ತೀರಾ ಸವೆದದ್ದು, ಮೇಲೆ ಚೆನ್ನಾಗಿರುವ ತುಂಡುಗಳು. ನನ್ನದಕ್ಕೆ ಆರು ಕಾಟನ್ ಸೀರೆ, ಎರಡು ಲುಂಗಿ, ಕರ್ಟನ್ ಪೂರ್ತಿ ಹಿಡಿಯಿತು. ಯೂನಿಫಾರ್ಮಿನ ಜೇಬನ್ನು ಹಾಗೇ ಜೇಬಾಗಿಯೇ ಒಂದು ಮೂಲೆಗೆ ಹಚ್ಚಿದೆ. ಮಗ ಅದರಲ್ಲಿ ಈಗಾಗಲೇ ಇಯರ್‌ಫೋನ್ ಇಡುತ್ತಿದ್ದಾನೆ.

ಮೊದಲ ಸಲ ಹಾಳು ಮಾಡಿದೆ. ಮೆತ್ತಗಿದೆ ಅಂತ ನಡುವಿನ ಪದರಕ್ಕೆ ಒಂದು ಜಾರ್ಜೆಟ್ ಸೀರೆ ಹಾಕಿದ್ದೆ, ಅದು ಒಳಗೊಳಗೇ ಜಾರಿ ಒಂದು ಕಡೆ ಗುಡ್ಡೆ ಆಯಿತು. ಬಿಚ್ಚಿದೆ. ಆಮೇಲೆ ಪ್ರತಿ ಬಟ್ಟೆಯಿಂದ ಒಂದೊಂದು ಎಳೆ ಕಿತ್ತು ಗ್ಯಾಸ್ ಮೇಲೆ ಹಿಡಿದೆ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿ ಆಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗುತ್ತದೆ. ಕಾಟನ್ ಅಂತ ಅಮ್ಮ ಪ್ರಮಾಣ ಮಾಡಿದ್ದ ಎರಡು ಸೀರೆ ಮಣಿ ಆದವು. ಆ ಎರಡನ್ನೂ ಜಾರ್ಜೆಟ್ಟನ್ನೂ ಪಟ್ಟಿ ಪಟ್ಟಿಯಾಗಿ ಹರಿದು ಟೆರೇಸಿನ ಟೊಮೇಟೊ ಗಿಡಕ್ಕೆ ಕಟ್ಟಿದ್ದೇನೆ. ಇನ್ನೊಂದು ತಪ್ಪು, ಕೆಂಪು ಖಣವನ್ನು ನೆನೆಸಿ ನೋಡದೆ ಹಚ್ಚಿದ್ದು. ಒಂದು ಹನಿ ನೀರು ಬಿದ್ದು ಪಕ್ಕದ ಬಿಳಿ ತುಂಡು ಗುಲಾಬಿ ಆಯಿತು. ನೋಡಿದವರು ಡಿಸೈನ್ ಚೆನ್ನಾಗಿದೆ ಅಂತಾರೆ, ನಾನೂ ಹೂಂ ಅಂತೀನಿ.

ಹನ್ನೊಂದರಲ್ಲಿ ಒಂದಕ್ಕೆ ಮಾತ್ರ ಕತ್ತರಿ ಹಾಕಲು ಆಗಲಿಲ್ಲ. ಅದು ಇಳಕಲ್ ಸೀರೆ. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ, ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರಲ್ಲ, ಅದು. ಸೆರಗಿನ ಮೇಲೆ ಅಮ್ಮ ಮದುವೆಗೆ ಮುಂಚೆ ತಾನೇ ಹಾಕಿದ ಕಸೂತಿ. ಗೋಪುರ, ತುಳಸಿ ಕಟ್ಟೆ, ಒಂದು ಸಾಲು ಆನೆ. ಕಸೂತಿಗೆ ಬಟ್ಟೆ ಮೇಲೆ ಗೀಟು ಬರೆದುಕೊಳ್ಳಲ್ಲ, ಎಳೆ ಎಣಿಸಿಕೊಂಡೇ ಹಾಕಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ ಹೊಲಿಗೆಯಾದರೆ ಮುಂದೆ ಹಿಂದೆ ಒಂದೇ ಥರ ಕಾಣಬೇಕು. ನನಗೆ ಹೈಸ್ಕೂಲಿನಲ್ಲಿ ಕಲಿಸುವಾಗ ಅಮ್ಮ ಇದಕ್ಕಾಗಿ ಎಷ್ಟು ಸಲ ಬಿಚ್ಚಿಸಿದ್ದಾಳೋ. ಗಂಟು ಹಾಕಿದರೆ ಕೈ ಮೇಲೆ ಏಟು. ಈಗ ಕಿಟಕಿ ಪಕ್ಕ ಕೂತು ಸೆರಗನ್ನು ತಿರುಗಿಸಿ ನೋಡುತ್ತಾ ಹೋದೆ. ಗೋಪುರ ಸರಿ. ತುಳಸಿ ಕಟ್ಟೆ ಸರಿ. ನಾಲ್ಕನೇ ಆನೆಯ ಹಿಂಗಾಲಿನ ಹಿಂದೆ ಸಾಸಿವೆಯಷ್ಟು ಸಣ್ಣದು, ಅದೇ ಬಣ್ಣದ ದಾರದ್ದು, ಒಂದು ಗಂಟು. ಕಾಣದ ಹಾಗೆ ಬಾಲವನ್ನು ಅದರ ಮೇಲೆ ತಂದಿದ್ದಾಳೆ. ಫೋಟೋ ತೆಗೆದು ಅಮ್ಮನಿಗೆ ವಾಟ್ಸಾಪ್ ಮಾಡಿದೆ. ನೀಲಿ ಗೀಟು ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ.

ಹೊಲಿಗೆ ಬಗ್ಗೆ ಹೇಳಬೇಕಾದ್ದು ಜಾಸ್ತಿ ಇಲ್ಲ. ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ನಾಲ್ಕು ಮೂಲೆಗೂ ಭಾರ ಇಡಬೇಕು. ಅಜ್ಜಿ ಬೀಸುವ ಕಲ್ಲು ಇಡುತ್ತಿದ್ದಳು, ನಾನು ಮಗನ ಡಂಬೆಲ್ಸ್ ಇಟ್ಟೆ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಬರಬೇಕು, ಸಾಲಿಂದ ಸಾಲಿಗೆ ಬೆರಳಗಲ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕೂಡ ಹೀಗೆಯೇ ಹೊರಗಿನಿಂದ ಒಳಕ್ಕೆ ಹೊಲಿಯುತ್ತಾರೆ. ಅವರದ್ದು ಕವಂದಿ, ಮೂಲೆಗಳಲ್ಲಿ ಬಟ್ಟೆ ಮಡಿಸಿ ಮಾಡಿದ ಸಣ್ಣ ಮುಕ್ಕೋನದ ಹೂವು ಇರುತ್ತದೆ, ಅದನ್ನು ಫುಲ ಅನ್ನುತ್ತಾರೆ. ನಾನೂ ಪ್ರಯತ್ನಪಟ್ಟೆ. ಹೂವಿನ ಥರ ಬರಲಿಲ್ಲ, ಸಮೋಸದ ಥರ ಬಂತು.

ಮೊದಲ ಸುತ್ತಿಗೆ ಐದು ಸಂಜೆ ಹಿಡಿಯಿತು. ಸುತ್ತು ಒಳಗೆ ಹೋದ ಹಾಗೆ ಚಿಕ್ಕದಾಗುತ್ತದಲ್ಲ, ಈಗ ಒಂದು ಸಂಜೆಗೆ ಎರಡು ಸುತ್ತು ಮುಗಿಯುತ್ತಿದೆ. ನಡುವೆ ಒಂದು ತಟ್ಟೆಯಷ್ಟು ಜಾಗ ಬಾಕಿ ಇದೆ. ಕೊನೇ ತುಂಡು ಹಚ್ಚುವ ಮುಂಚೆ ಅಜ್ಜಿ ಅದರ ಕೆಳಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಿದ್ದಳು. "ಅದಕ್ಕೂ ಹೊಟ್ಟಿ ಅದ" ಅನ್ನುತ್ತಿದ್ದಳು. ನಾನು ಸೋನಾ ಮಸೂರಿಯನ್ನು ಒಂದು ಬಟ್ಟಲಲ್ಲಿ ತೆಗೆದಿಟ್ಟಿದ್ದೇನೆ.

ಅಜ್ಜಿಯದ್ದು ಇನ್ನೊಂದು ಕಟ್ಟುನಿಟ್ಟು ಇತ್ತು. ಸೂಜಿ ಎಣಿಸದೆ ಮಲಗುವಂತಿಲ್ಲ. ಕೌದಿಯಲ್ಲಿ ಸೂಜಿ ಉಳಿದರೆ ಮಲಗಿದವರ ಬೆನ್ನೇ ಅದನ್ನು ಹುಡುಕುತ್ತದೆ. ನಿನ್ನೆ ರಾತ್ರಿ ಎಣಿಸಿದರೆ ಮೂರೇ ಇತ್ತು. ಬೆಳಗ್ಗೆ ನಾಲ್ಕು ಇತ್ತು, ನನಗೆ ಗ್ಯಾರಂಟಿ. ಡಬ್ಬ ನೋಡಿದೆ, ನನ್ನ ಸೆರಗು ನೋಡಿದೆ, ಮಗನನ್ನು ಕೌದಿ ಮೇಲಿಂದ ಎಬ್ಬಿಸಿದೆ. ಇಲ್ಲ. ಹನ್ನೊಂದೂವರೆಗೆ ಮನೆಯವರು ಎದ್ದು ಹೋಗಿ, ಏನೂ ಮಾತಾಡದೆ, ಆ 30 ರೂಪಾಯಿಯ ಮ್ಯಾಗ್ನೆಟ್ ತಂದುಕೊಟ್ಟರು. ಇಬ್ಬರೂ ಮೊಣಕಾಲೂರಿ ಕೂತು ಅದನ್ನು ಒಂದು ಮೂಲೆಯಿಂದ ನಿಧಾನಕ್ಕೆ ಆಡಿಸುತ್ತಾ ಬಂದೆವು. ಸಮೋಸದ ಹತ್ತಿರ "ಟಿಕ್" ಅಂತು.